ಎಂಟರ ನಗು

ನನ್ನದು ಕನ್ನಡಕದ ಅಂಗಡಿ. ನಲವತ್ತು ದಾಟಿದವರು ಚಾಳೀಸು ಹಾಕಿಸಿಕೊಳ್ಳಲು ಬರುತ್ತಾರೆ. ಯಾರೂ ನೆಟ್ಟಗೆ ಒಪ್ಪಿಕೊಳ್ಳುವುದಿಲ್ಲ. "ಅಕ್ಷರಾನೇ ಚಿಕ್ಕದಾಗಿ ಅಚ್ಚು ಹಾಕ್ತಾರೆ ಈಗ" ಎಂದು ಪತ್ರಿಕೆಯವರನ್ನು ಬೈದುಕೊಂಡೇ ಕುರ್ಚಿಯಲ್ಲಿ ಕೂರುತ್ತಾರೆ. ವಯಸ್ಸಾಯಿತೆಂದು ಮೊದಲ ಸಲ ಗೊತ್ತಾದ ದಿನ ಮನುಷ್ಯನಿಗೆ ಬಾಲ್ಯ ನೆನಪಾಗುತ್ತದೆ. ಇದು ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಅಂಗಡಿಯಲ್ಲಿ ಕೂತು ಕಂಡದ್ದು. ನಾನು ಗಾಜು ಬದಲಿಸುವಾಗ ಅವರು ಗುನುಗಲು ಶುರು ಮಾಡುತ್ತಾರೆ. ಹತ್ತರಲ್ಲಿ ನಾಲ್ಕು ಜನರದು ಅದೇ ಹಾಡು.

"ಟಿವಿಲಿ ಬರ್ತಿತ್ತಲ್ಲ ಮೇಡಂ, 'ಬಾ ಎಣಿಸೋಣ'! ಕಾಲುಚೀಲದ ಕಪ್ಪೆ! ಎಂಟು ಅಂದಾಗ ಆ ಹೆಂಗಸು ನಗ್ತಿದ್ಲು ನೋಡಿ, ನಾವೆಲ್ಲ ಸೋಫಾ ಮೇಲಿಂದ ನೆಗೀತಿದ್ವಿ."

ಮೊದಲಾದರೆ ಹೆಮ್ಮೆಯಿಂದ ಹೇಳುತ್ತಿದ್ದೆ. ಆ ಹೆಂಗಸು ನಮ್ಮ ಅತ್ತೆ, ಹಿಂದೆ ದುಂ ದುಂ ಅಂತ ಬಾಸ್ ಗಿಟಾರ್ ನುಡಿಸಿದವನು ನಮ್ಮ ಮಾಮ ಎಂದು. ಅವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು, ನಾನು ಫ್ರೇಮಿಗೆ ಸ್ವಲ್ಪ ಬೆಲೆ ಕಡಿಮೆ ಮಾಡುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. "ಮುಂದಿನ ಸಾಲು ಓದಿ" ಅನ್ನುತ್ತೇನೆ. ಅಷ್ಟೇ.

ಮಾಮ ನನ್ನ ಅಮ್ಮನ ತಮ್ಮ. ಬೀದಿಯ ಮಕ್ಕಳೆಲ್ಲ ಅವನನ್ನು ದುಂ ಮಾಮ ಎಂದೇ ಕರೆಯುತ್ತಿದ್ದರು, ದೊಡ್ಡವರೂ ಹಾಗೇ ಕರೆದರು, ಅವನ ನಿಜವಾದ ಹೆಸರು ಕೇಳಿದರೆ ಪೋಸ್ಟ್‌ಮ್ಯಾನ್ ಒಬ್ಬನೇ ಹೇಳಬಲ್ಲವನಾಗಿದ್ದ. ಮದುವೆಗೆ ಮುಂಚೆ ಅವನು ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಡಾನ್ಸ್ ಬ್ಯಾಂಡಿನಲ್ಲಿದ್ದ. ಕೀಬೋರ್ಡಿಗೆ ಒಬ್ಬರು, ಅವರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಡ್ರಮ್ಮಿಗೆ ಒಬ್ಬ, ಬಾಸಿಗೆ ಮಾಮ. ಕುಡಿದವರನ್ನು ಕುರ್ಚಿಯಿಂದ ಎಬ್ಬಿಸಿ ಕುಣಿಸುವುದು ಅವರ ಕಸುಬು. ಅದಕ್ಕೆ ಅವರು ನಂಬಿದ್ದು ಫಂಕ್ ಎಂಬ ಸಂಗೀತವನ್ನು. ಹಾಗಂದರೇನು ಮಾಮ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. ಅವನು ಊಟದ ಮೇಜಿನ ಮೇಲೆ ಬೆರಳಲ್ಲಿ ತಟ್ಟಿ ತೋರಿಸಿದ. ದುಂ, ದುದುಂ, ಆಮೇಲೆ ಏನೂ ಇಲ್ಲ, ಆಮೇಲೆ ಮತ್ತೆ ದುಂ. ಏನೂ ಇಲ್ಲದ ಕಡೆ ನನ್ನ ಹೆಗಲು ತಾನಾಗಿ ಅಲ್ಲಾಡಿತು.

"ನೋಡಿದ್ಯಾ? ನಾನು ನುಡಿಸಿದ್ದಕ್ಕಲ್ಲ, ಬಿಟ್ಟಿದ್ದಕ್ಕೆ ಕುಣಿದೆ ನೀನು" ಅಂದ.

ಹಗಲು ಹೊತ್ತಿನಲ್ಲಿ ಬ್ಯಾಂಡಿಗೆ ಕೆಲಸವಿರಲಿಲ್ಲ. ಟಿವಿ ಕೇಂದ್ರದವರಿಗೆ ಮಕ್ಕಳ ಪಾಠದ ಕಾರ್ಯಕ್ರಮಕ್ಕೆ ಅಗ್ಗದ ಸಂಗೀತ ಬೇಕಿತ್ತು. ಹೀಗೆ ಗಂಟು ಬಿತ್ತು. ಪಾಠದ ಜವಾಬ್ದಾರಿ ಹೊತ್ತಿದ್ದ ಮೇಡಂ ಮೊದಲ ದಿನವೇ ಹೇಳಿದರಂತೆ, "ಮಕ್ಕಳು ಕೂತು ಕಲಿಯೋ ಹಾಗಿರ್ಬೇಕು ನೋಡಿ, ಮೆತ್ತಗೆ." ಮೇಷ್ಟ್ರು ವಿನಯದಿಂದ ತಲೆಯಾಡಿಸಿದರು. ಹೊರಗೆ ಬಂದು, "ಕೂತು ಕಲಿಯೋಕೆ ಶಾಲೆ ಇದೆಯಲ್ಲಪ್ಪ, ಇದನ್ನೂ ಯಾಕೆ ಕೆಡಿಸೋದು" ಅಂದರು. ನೆಲಮಾಳಿಗೆಯಲ್ಲಿ ಕುಡುಕರಿಗೆ ನುಡಿಸುತ್ತಿದ್ದುದನ್ನೇ ಸ್ವಲ್ಪ ತೊಳೆದು ಒರೆಸಿ ಮಕ್ಕಳಿಗೆ ನುಡಿಸಿದರು. ನಮ್ಮ ಪೀಳಿಗೆ ಒಂದರಿಂದ ಹತ್ತು ಕಲಿತದ್ದು ಹಾಗೆ, ಸೊಂಟ ಕುಣಿಸುತ್ತ.

ಅಂಕಿಗಳನ್ನು ಹೇಳುವ ದನಿ ಅತ್ತೆಯದು. ಆಗ ಅವಳಿನ್ನೂ ಅತ್ತೆಯಾಗಿರಲಿಲ್ಲ. ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಳು, ಸ್ಪಷ್ಟವಾಗಿ ಮಾತಾಡುತ್ತಾಳೆಂದು ಕರೆಸಿದ್ದರು. ಕಪ್ಪೆಯನ್ನು ಆಡಿಸುತ್ತಿದ್ದವನು ಸ್ಟೋರ್ ರೂಮಿನ ಗುಮಾಸ್ತ, ದಪ್ಪ ಮನುಷ್ಯ, ಕೈಗೆ ಹಸಿರು ಕಾಲುಚೀಲ ಹಾಕಿಕೊಂಡು ಮೇಜಿನ ಕೆಳಗೆ ಕುಕ್ಕರಗಾಲಲ್ಲಿ ಕೂರಬೇಕಿತ್ತು. ಎಂಟು ಎಂದಾಗ ಕಪ್ಪೆ ನೆಗೆಯಬೇಕು. ಅದಕ್ಕಾಗಿ ಎಂಟರ ನಂತರ ಬಾಸ್ ಒಂದು ಪೆಟ್ಟು ಸುಮ್ಮನಾಗುತ್ತಿತ್ತು. ಅಂದು ಅತ್ತೆ "ಎಂಟು" ಅಂದಳು, ಬಾಸ್ ನಿಂತಿತು, ಆ ನಿಶ್ಶಬ್ದದಲ್ಲಿ ಗುಮಾಸ್ತನ ಮೊಣಕಾಲು ಲಟಕ್ ಎಂದಿತು. ಅತ್ತೆ ಮೊದಲು ಮೂಗಿನಲ್ಲೇ ತಡೆದಳು. ಆಮೇಲೆ ಸೋತು ನಕ್ಕಳು. ನಕ್ಕು ಮುಗಿಸಿ ಸರಿಯಾದ ಹೊತ್ತಿಗೆ "ಒಂಬತ್ತು" ಅಂದಳು. ಯಾರೂ ನುಡಿಸುವುದನ್ನು ನಿಲ್ಲಿಸಲಿಲ್ಲ.

ಮೇಡಂ ಇನ್ನೊಮ್ಮೆ ಮಾಡಿ ಅಂದರು. ಮೇಷ್ಟ್ರು, "ಆ ನಗು ಹೋದ್ರೆ ನಾವೂ ಹೋಗ್ತೀವಿ" ಅಂದರು. ಹೋಗುತ್ತಿರಲಿಲ್ಲ, ಹೋಗಲು ಬೇರೆ ಜಾಗವೂ ಇರಲಿಲ್ಲ, ಆದರೆ ಆ ದಿನ ಸ್ಟುಡಿಯೋ ಇನ್ನೊಬ್ಬರಿಗೆ ಬಿಟ್ಟುಕೊಡಬೇಕಿದ್ದುದರಿಂದ ನಗು ಉಳಿಯಿತು.

ಮುಂದಿನ ವರ್ಷ ಅವರಿಬ್ಬರ ಮದುವೆಯಾಯಿತು. "ಆ ಜಾಗಾನ ಇವಳಿಗೆ ಅಂತಲೇ ಬಿಟ್ಟಿದ್ದೆ" ಎಂದು ಮಾಮ ಬಂದವರ ಮುಂದೆಲ್ಲ ಜಂಬ ಕೊಚ್ಚಿಕೊಳ್ಳುತ್ತಿದ್ದ. "ಸುಳ್ಳು. ಮುಂದಿನ ಸ್ವರ ಮರೆತುಹೋಗಿತ್ತು ಇವ್ರಿಗೆ" ಎಂದು ಅತ್ತೆ ಅಡುಗೆಮನೆಯಿಂದ ಕೂಗುತ್ತಿದ್ದಳು. ಕೂಗಿ ನಗುತ್ತಿದ್ದಳು, ಅದೇ ನಗು, ಮೊದಲು ಮೂಗಿನಲ್ಲಿ. ಅವರಿಗೆ ಮಕ್ಕಳಾಗಲಿಲ್ಲ. ನಾನೇ ಅವರ ಮನೆಯಲ್ಲಿ ಮಗಳ ಹಾಗೆ ಬೆಳೆದೆ.

ಕಾರ್ಯಕ್ರಮ ನಿಂತ ಮೇಲೆ ಟೇಪುಗಳು ಏನಾದವು ಎಂದು ಜನ ಕೇಳುತ್ತಾರೆ. ಏನಾಗಬೇಕು? ಆಗ ಟೇಪು ದುಬಾರಿ. ಪ್ರಸಾರ ಮುಗಿದ ಮೇಲೆ ಅಳಿಸಿ ಅದರ ಮೇಲೆ ಇನ್ನೊಂದನ್ನು ಮುದ್ರಿಸುವುದು ಕೇಂದ್ರದ ವಾಡಿಕೆ. ಸ್ಲೇಟು ಒರೆಸಿದ ಹಾಗೆ, ಯಾರೂ ಎರಡನೇ ಸಲ ಯೋಚಿಸುತ್ತಿರಲಿಲ್ಲ. ನಮ್ಮ ಎಣಿಕೆಯ ಹಾಡಿನ ಮೇಲೆ ಕೋಳಿ ಸಾಕಣೆಯ ಭಾಷಣ ಕೂತಿತು. ಅದಕ್ಕೂ ಮೊದಲೇ ಧ್ವನಿಮುದ್ರಣ ಮಾಡುತ್ತಿದ್ದ ಗೆಳೆಯನೊಬ್ಬ ಮಾಮನಿಗೊಂದು ಕ್ಯಾಸೆಟ್ ಮಾಡಿಕೊಟ್ಟಿದ್ದ. ಇಡೀ ಜಗತ್ತಿನಲ್ಲಿ ಆ ಹಾಡು ಉಳಿದದ್ದು ಅದೊಂದರಲ್ಲಿ.

ಹೋಟೆಲಿನವರು ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಜಾಗ ಮಾಡಿದರು. ಬ್ಯಾಂಡು ಚದುರಿತು. ಮಾಮ ಎಂಟು ಅಂತಸ್ತಿನ ಕಚೇರಿ ಕಟ್ಟಡದಲ್ಲಿ ಲಿಫ್ಟ್ ನಡೆಸುವ ಕೆಲಸಕ್ಕೆ ಸೇರಿದ. "ಆಗ್ಲೂ ಎಣಿಸೋದೇ, ಈಗ್ಲೂ ಎಣಿಸೋದೇ. ಆಗ ಹತ್ತರವರೆಗೆ ಹೋಗ್ತಿದ್ದೆ, ಈಗ ಎಂಟಕ್ಕೆ ವಾಪಸ್ಸು" ಎಂದು ತಾನೇ ತನ್ನನ್ನು ಲೇವಡಿ ಮಾಡಿಕೊಳ್ಳುತ್ತಿದ್ದ. ಬೇಸರವಿತ್ತು, ಅದನ್ನು ಮುಚ್ಚಿಡಲಿಲ್ಲ. ಆದರೆ ಸಂಜೆ ಮನೆಗೆ ಬಂದು ಸ್ಪೀಕರ್ ಪೆಟ್ಟಿಗೆಗೆ ಬಾಸ್ ಸಿಕ್ಕಿಸಿ ನುಡಿಸಿದರೆ ಕಪಾಟಿನ ಪಾತ್ರೆಗಳು ನಡುಗುತ್ತಿದ್ದವು, ಅತ್ತೆ ನಗುತ್ತಿದ್ದಳು, ಬೇಸರ ಅಲ್ಲಿಗೆ ಮುಗಿಯುತ್ತಿತ್ತು.

ಅತ್ತೆ ಹೋದಳು. ಜ್ವರವೆಂದು ಮಲಗಿದವಳು ಏಳಲಿಲ್ಲ, ಅದನ್ನು ಹಿಗ್ಗಿಸಿ ಹೇಳುವುದಕ್ಕೆ ನನಗೆ ಆಗುವುದಿಲ್ಲ. ಆಗ ಫೋನುಗಳಿದ್ದದ್ದು ಮಾತಾಡುವುದಕ್ಕೆ ಮಾತ್ರ, ದನಿ ಹಿಡಿದಿಡುವುದಕ್ಕಲ್ಲ. ಫೋಟೋಗಳು ಬೇಕಾದಷ್ಟಿದ್ದವು, ಎಲ್ಲದರಲ್ಲೂ ಅತ್ತೆ ಬಾಯಿ ಮುಚ್ಚಿ ಗಂಭೀರವಾಗಿ ನಿಂತಿದ್ದಳು. ಅವಳ ದನಿ ಇದ್ದದ್ದು ಆ ಕ್ಯಾಸೆಟ್ಟಿನಲ್ಲಿ.

ತಿಥಿಗೆ ಬಂದ ನೆಂಟರ ಮಕ್ಕಳು ಮನೆಯಲ್ಲಿದ್ದ ಕ್ಯಾಸೆಟ್ಟುಗಳ ಮೇಲೆಲ್ಲ ರೇಡಿಯೋ ಹಾಡು ತುಂಬಿಸಿಬಿಟ್ಟವು. ಇದೊಂದು ಹೇಗೋ ಬಚಾವಾಯಿತು. ಮಾಮ ಬೆವರಿಬಿಟ್ಟ. ಅಂದೇ ಅದನ್ನು ಅತ್ತೆಯ ಉಣ್ಣೆಯ ಸ್ಕಾರ್ಫಿನಲ್ಲಿ ಸುತ್ತಿ ಬಚ್ಚಿಟ್ಟ. ಎಲ್ಲಿ ಎಂದು ನನಗೊಬ್ಬಳಿಗೇ ಹೇಳಿದ.

"ಪೆಟ್ಟಿಗೆ ಒಳಗಿದೆ. ಅಲ್ಲಿಗಿಂತ ಭದ್ರ ಬೇರೆಲ್ಲೂ ಇಲ್ಲ."

ಬಾಸ್ ನುಡಿಸುವವರಿಗೆ ಸ್ಪೀಕರ್ ಪೆಟ್ಟಿಗೆಯೇ ಬೀರು. ಅದು ಅಕ್ಕಿ ಮೂಟೆಗಿಂತ ಭಾರ, ಯಾವ ಕಳ್ಳನೂ ಹೊತ್ತೊಯ್ಯುವುದಿಲ್ಲ. ಹಿಂದಿನ ಹಲಗೆಯ ಸ್ಕ್ರೂ ಬಿಚ್ಚಿದರೆ ಒಳಗೆ ಬೇಕಾದಷ್ಟು ಜಾಗ. ಊರೂರು ತಿರುಗುವಾಗ ಬ್ಯಾಂಡಿನವರೆಲ್ಲ ತಮ್ಮ ತಮ್ಮ ಗಡಿಯಾರ, ಉಂಗುರಗಳನ್ನು ಮಾಮನ ಪೆಟ್ಟಿಗೆಯಲ್ಲೇ ಇಡುತ್ತಿದ್ದರಂತೆ. ಆದರೆ ಒಂದು ನಿಯಮವಿತ್ತು. ಒಳಗಿಟ್ಟದ್ದು ಏನೇ ಇರಲಿ ಅಲ್ಲಾಡಬಾರದು. ನುಡಿಸುವಾಗ ಒಂದು ಗುಂಡಿ ಗಡಗಡ ಅಂದರೂ ಬಾಸಿನವನಿಗೆ ಮಾನ ಹೋದ ಹಾಗೆ. ಹಾಗಾಗಿ ಮಾಮ ಸ್ಕಾರ್ಫಿನ ಗಂಟನ್ನು ಬಿಗಿಯಾಗಿ ಕೂರುವ ಕಡೆ ಕೂರಿಸಿದ, ಹಿಂದಿನ ಹಲಗೆಗೂ ಸ್ಪೀಕರಿನ ಬೆನ್ನಿಗೂ ನಡುವೆ. ಹಲಗೆ ಮುಚ್ಚಿ ಸ್ಕ್ರೂ ಬಿಗಿದು, ಬಾಸಿನ ಅತಿ ಕೆಳಗಿನ ಸ್ವರ ನುಡಿಸಿ ನೋಡಿದ. ಒಂದು ಚೂರೂ ಅಲ್ಲಾಡಲಿಲ್ಲ.

ಆಮೇಲೆ ವರ್ಷಗಟ್ಟಲೆ ಅದನ್ನು ತೆಗೆಯಲೇ ಇಲ್ಲ. ಒಂದು ಸಲ ಹಾಕು ಮಾಮ, ಕೇಳೋಣ ಅಂದರೆ, "ಇದೆಯಲ್ಲ, ಎಲ್ಲಿಗೆ ಹೋಗುತ್ತೆ? ಧೈರ್ಯ ಬಂದಾಗ ಕೇಳ್ತೀನಿ" ಅನ್ನುತ್ತಿದ್ದ. ಬೇರೆಯವರು ದೇವರ ಮುಂದೆ ಕೂತಂತೆ ಅವನು ಆ ಪೆಟ್ಟಿಗೆಯ ಮುಂದೆ ಕೂತು ಕಾಫಿ ಕುಡಿಯುತ್ತಿದ್ದ. ಕೆಲಸದಿಂದ ನಿವೃತ್ತನಾದ, ಬೆರಳ ಗಂಟುಗಳು ಊದಿದವು, ಬಾಸ್ ಗೋಡೆ ಹತ್ತಿತು. ಮೇಷ್ಟ್ರು, ಡ್ರಮ್ಮಿನವನು, ಕಪ್ಪೆಯ ಗುಮಾಸ್ತ, ಕ್ಯಾಸೆಟ್ ಮಾಡಿಕೊಟ್ಟ ಗೆಳೆಯ ಎಲ್ಲರೂ ಒಬ್ಬೊಬ್ಬರಾಗಿ ಹೋದರು. ಮಾಮನಿಗೆ ಉಳಿದ ಆಸೆ ಒಂದೇ. ಹೋಗುವ ಮುಂಚೆ ಆ ನಗುವನ್ನು ಒಂದು ಸಲ ಕೇಳಬೇಕು.

ಹೋದ ವರ್ಷ ಅಂಗಡಿಗೊಬ್ಬ ಗಡ್ಡದವನು ಬಂದ. ಚಾಳೀಸಿಗೆ ಇನ್ನೂ ವಯಸ್ಸಾಗದವನು, ತಂಪು ಕನ್ನಡಕಕ್ಕೆ ಬಂದಿದ್ದ. ಕೀಬೋರ್ಡ್ ನುಡಿಸುತ್ತಾನಂತೆ, ಹಳೆಯ ಟಿವಿ ಸಂಗೀತವೆಂದರೆ ಪ್ರಾಣವಂತೆ. ಅವನು ಹುಟ್ಟುವ ಮೊದಲೇ ನಿಂತುಹೋದ ಕಾರ್ಯಕ್ರಮವನ್ನು ನೆನೆದು ಅವನು ಕಣ್ಣು ತೇವ ಮಾಡಿಕೊಂಡದ್ದು ನೋಡಿ ನನಗೆ ನಗು ಬಂತು. ಕಾಣದ ತವರುಮನೆಯನ್ನು ನೆನೆದು ಅತ್ತ ಹಾಗಾಯಿತು. ಆದರೂ ಒಳ್ಳೆಯ ಹುಡುಗ. ಅವನ ಹತ್ತಿರ ಹಳೆ ಟೇಪುಗಳನ್ನು ಶುಚಿ ಮಾಡಿ ಕಂಪ್ಯೂಟರಿಗೆ ಹಾಕುವ ಉಪಕರಣಗಳಿದ್ದವು. ಮಾಮನಿಗೆ ಹೇಳಿದೆ. ಅವನು ಎರಡು ದಿನ ಪೆಟ್ಟಿಗೆಯ ಸುತ್ತ ಓಡಾಡಿದ. ಮೂರನೇ ದಿನ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ.

"ಕರ್ಕೊಂಡ್ ಬಾ ಅವನನ್ನ" ಅಂದ.

ಹಲಗೆ ಬಿಚ್ಚಿದ್ದು ಮಾಮನೇ. ಸ್ಕ್ರೂಗಳು ತುಕ್ಕು ಹಿಡಿದಿದ್ದವು, ಊದಿದ ಬೆರಳುಗಳು ಜಾರುತ್ತಿದ್ದವು, ಆದರೂ ಯಾರನ್ನೂ ಮುಟ್ಟಗೊಡಲಿಲ್ಲ. ಹಲಗೆ ತೆಗೆದಾಗ ಗಡ್ಡದವನು ಬಗ್ಗಿ ನೋಡಿದ. ಅವನ ಮುಖದ ನಗು ಹಾಗೇ ನಿಂತಿತು. ಸ್ಕಾರ್ಫಿನ ಗಂಟು ಸ್ಪೀಕರಿನ ಬೆನ್ನಿಗೆ ಒತ್ತಿಕೊಂಡಿತ್ತು. ಸ್ಪೀಕರಿನ ಬೆನ್ನೆಂದರೆ ಊಟದ ತಟ್ಟೆಯಷ್ಟು ಅಗಲದ ಅಯಸ್ಕಾಂತ.

ನಾನು ಕನ್ನಡಕದವಳು, ನನಗೆ ತಕ್ಷಣ ತಿಳಿಯಲಿಲ್ಲ. ಮಾಮನಿಗೆ ತಿಳಿಯಿತು. ಗಂಟನ್ನು ಎಳೆದಾಗ ಕ್ಯಾಸೆಟ್ಟಿನ ಪುಟ್ಟ ಸ್ಕ್ರೂಗಳು ಅಯಸ್ಕಾಂತವನ್ನು ಬಿಡಲೊಲ್ಲದೆ ಒಂದು ಕ್ಷಣ ಹಿಡಿದವು. ಅವನ ಕೈ ಅಲ್ಲೇ ನಿಂತಿತು.

"ಕೇಂದ್ರದ ಟೇಪ್ ರೂಮಿನ ಬಾಗಿಲ ಮೇಲೆ ದೊಡ್ಡದಾಗಿ ಬರೆದಿತ್ತು ಕಣೇ" ಎಂದ ನನ್ನ ಕಡೆ ನೋಡದೆ. "ಅಯಸ್ಕಾಂತ ತರಬೇಡಿ ಅಂತ. ದಿನಾ ಓದ್ತಿದ್ದೆ. ಟೇಪ್ ಅಳಿಸೋ ಯಂತ್ರದ ಒಳಗಿರೋದೂ ಇದೇ. ಗೊತ್ತಿತ್ತು. ಅಲ್ಲಾಡಬಾರದು ಅನ್ನೋದೊಂದೇ ತಲೇಲಿತ್ತು."

ಗಡ್ಡದವನು, "ಪೂರ್ತಿ ಹೋಗಿರಲ್ಲ ಸರ್, ನೋಡೋಣ" ಅಂದ. ಯಂತ್ರಕ್ಕೆ ಹಾಕಿದ. ಬರೀ ಭುಸ್ಸೆಂಬ ಸದ್ದು. ಅದರೊಳಗಿಂದ, ಗೋಡೆಯ ಆಚೆ ಯಾರೋ ಮಾತಾಡಿದ ಹಾಗೆ, "ಎರಡು" ಬಂತು. ಅಥವಾ ನಮಗೆ ಹಾಗನ್ನಿಸಿತು. "ಮೂರು" ಅರ್ಧ ಬಂತು. ಆಮೇಲೆ ಭುಸ್ಸೆಂಬುದೊಂದೇ, ಏರುತ್ತ ಇಳಿಯುತ್ತ. ಮಾಮ ಬೆರಳಿನಿಂದ ತೊಡೆ ತಟ್ಟುತ್ತ ಎಣಿಸುತ್ತಿದ್ದ. ಎಂಟರ ಹತ್ತಿರ ಬೆರಳು ನಿಲ್ಲಿಸಿದ. ಅಲ್ಲೂ ಅದೇ ಭುಸ್ಸು. ಗಡ್ಡದವನು ವಾರವಿಡೀ ಒದ್ದಾಡಿದ, ಎಲ್ಲೆಲ್ಲಿಗೋ ಕಳಿಸಿ ಕೇಳಿದ. ಏನೂ ಬರಲಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವನನ್ನು ಸಿಕ್ಕಿದರೆ ಕೇಳಬೇಕು, ಬೇಲಿ ಹಾಕಿದವನ ಗತಿ ಏನಾಯಿತು ಎಂದು. ಕೇಂದ್ರದವರು ಇದನ್ನೂ ಅಳಿಸಿದ್ದರೆ ಬೈಯಬಹುದಿತ್ತು. ನೆಂಟರ ಮಕ್ಕಳು ಅಳಿಸಿದ್ದರೆ ಕಿವಿ ಹಿಂಡಬಹುದಿತ್ತು. ಮಾಮನಿಗೆ ಬೈಯಲು ಯಾರೂ ಉಳಿಯಲಿಲ್ಲ.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಗಡ್ಡದವನಿಗೆ ಏನಾದರೂ ಮಾಡಲೇಬೇಕೆಂಬ ಹುರುಪು. "ನಾವೇ ಹೊಸದಾಗಿ ನುಡಿಸೋಣ ಸರ್. ನೀವು ಹೇಳಿಕೊಡಿ, ಹಾಗೇ ಮಾಡ್ತೀವಿ" ಅಂದ. ಮಾಮ ಒಪ್ಪಿದ. ಬೇಡ ಅನ್ನುವ ತ್ರಾಣ ಇರಲಿಲ್ಲವೋ, ಅಥವಾ ಎಲ್ಲೋ ಒಂದು ಮೂಲೆಯಲ್ಲಿ ಆಸೆ ಇತ್ತೋ.

ಗೋಡೆಗೆಲ್ಲ ಮೊಟ್ಟೆಯ ತಟ್ಟೆ ಅಂಟಿಸಿದ ಕೋಣೆಯಲ್ಲಿ ಗಡ್ಡದವನ ಬ್ಯಾಂಡಿನ ಸ್ಟುಡಿಯೋ. ಬಾಸ್ ಹುಡುಗನಿಗೆ ಮಾಮ ಬಾಯಲ್ಲೇ ಹೇಳಿಕೊಟ್ಟ, ದುಂ, ದುದುಂ. ಆ ಹುಡುಗ ಚೆನ್ನಾಗಿ ಹಿಡಿದ. ಅಂಕಿ ಹೇಳಲು ಒಬ್ಬಳು ಹುಡುಗಿ ಬಂದಿದ್ದಳು, ತಿಳಿಯಾದ ದನಿ, ಮಾಮನನ್ನು ಅಂಕಲ್ ಅನ್ನುತ್ತಿದ್ದಳು. ಎಂಟರ ಹತ್ತಿರ ನಕ್ಕಳು. ಜಾಹೀರಾತಿನಲ್ಲಿ ನಕ್ಕ ಹಾಗೆ. ಮಾಮ ಕೈಯೆತ್ತಿದ.

"ಹಾಗಲ್ಲ ಮಗಳೇ. ನಗಬಾರದು ಅಂತ ತಡೀಬೇಕು ಮೊದ್ಲು. ಮೂಗಲ್ಲಿ. ತಡೆದೂ ತಡೆದೂ ಸೋಲಬೇಕು."

ಮತ್ತೆ ನಕ್ಕಳು. "ಸ್ವಲ್ಪ ಬೇಗ ಸೋತೆ." ಮತ್ತೆ. "ಈಗ ಕೊನೇಲಿ ಉಸಿರು ಒಳಗೆ ಎಳ್ಕೋ, ಒಂಬತ್ತು ಹೇಳೋಕೆ ಬೇಕಲ್ಲ." ಮತ್ತೆ, ಮತ್ತೆ. ಮಧ್ಯಾಹ್ನವಿಡೀ ಅವನು ಆ ಹುಡುಗಿಗೆ ಅತ್ತೆಯ ನಗು ಕಲಿಸಿದ. ಪಾಪ, ಎಷ್ಟು ಶ್ರದ್ಧೆಯಿಂದ ಕಲಿತಳು ಅವಳು. ಒಂದೊಂದು ಸಲಕ್ಕೂ ಹತ್ತಿರ ಹತ್ತಿರ ಬಂದಳು. ಕೊನೆಯ ಸಲ ಮಾಮ ಕಣ್ಣು ಮುಚ್ಚಿಕೊಂಡಿದ್ದ.

"ಇದೇನಾ ಸರ್?" ಗಡ್ಡದವನು ಕೇಳಿದ.

"ಇದೇ ಇರ್ಬಹುದು" ಅಂದ ಮಾಮ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು ಅವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಹಾಡು ಹೊರಗೆ ಬಂತು. ಬಂದದ್ದೇ ತಡ, ಚಾಳೀಸಿನ ಪೀಳಿಗೆ ಹುಚ್ಚೆದ್ದಿತು. ಬಸ್ಸಿನಲ್ಲಿ, ಔಷಧಿ ಅಂಗಡಿಯಲ್ಲಿ, ಪಕ್ಕದ ಮನೆಯವರ ಫೋನಿನಲ್ಲಿ ಅದೇ. ನನ್ನ ಕುರ್ಚಿಯಲ್ಲಿ ಕೂತವರು, "ಕೇಳಿದ್ರಾ ಮೇಡಂ? ಅದೇ ನಗು, ಥೇಟ್ ಅದೇ!" ಅನ್ನತೊಡಗಿದರು. ಗಾಜು ಒರೆಸುವ ಬಟ್ಟೆಯನ್ನು ಅವರ ಬಾಯಿಗೆ ತುರುಕಬೇಕು ಅನ್ನಿಸುತ್ತಿತ್ತು. ಅವರಿಗೆ ಬೇಕಿದ್ದದ್ದು ತಮ್ಮ ಸೋಫಾ, ತಮ್ಮ ಸಂಜೆ. ಯಾರು ನಕ್ಕರೇನು? ಅವರದು ತಪ್ಪಲ್ಲ, ಅದು ನನಗೂ ಗೊತ್ತು. ಗೊತ್ತಿದ್ದರೂ ಸಿಟ್ಟು ಬರುವುದು ನಿಲ್ಲುವುದಿಲ್ಲ.

ಮೊನ್ನೆ ಭಾನುವಾರ ಮಾಮನ ಮನೆಗೆ ಹೋದೆ. ಪೆಟ್ಟಿಗೆಯ ಹಿಂದಿನ ಹಲಗೆ ಅಂದಿನಿಂದ ಹಾಗೇ ಗೋಡೆಗೆ ಒರಗಿತ್ತು, ಅಂದು ಸ್ಕ್ರೂಗಳನ್ನು ಹಾಕಿಟ್ಟಿದ್ದ ಬಟ್ಟಲಲ್ಲಿ ಧೂಳು ಕೂತಿತ್ತು. ಅವನು ಅತ್ತೆಯ ಸ್ಕಾರ್ಫನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದ. ನಾನು ಕಾಫಿ ಮಾಡಿ ತಂದೆ. ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ" ಅಂದ.

"ಕೇಳು ಮಾಮ."

"ಕ್ಯಾಸೆಟ್ ಹೋದಾಗ ಹೋಗ್ಲಿ ಅಂದ್ಕೊಂಡೆ. ತಲೇಲಿ ಇತ್ತಲ್ಲ. ಕಣ್ಣು ಮುಚ್ಚಿದ್ರೆ ಕೇಳಿಸ್ತಿತ್ತು, ಅಡುಗೆಮನೆಯಿಂದ ಬಂದ ಹಾಗೆ." ಸ್ಕಾರ್ಫಿನ ಮಡಿಕೆ ಸರಿ ಮಾಡಿಕೊಂಡ. "ಈಗ ಕಣ್ಣು ಮುಚ್ಚಿದ್ರೆ ಆ ಹುಡುಗೀದು ಬರುತ್ತೆ. ತಳ್ಳಿ ನೋಡ್ದೆ, ಹೋಗ್ತಾ ಇಲ್ಲ. ಅವಳು ಕೆಟ್ಟದಾಗಿ ನಕ್ಕಿದ್ರೆ ಇದು ಬೇರೆ ಅದು ಬೇರೆ ಅಂತ ಉಳೀತಿತ್ತು. ನಾನೇ ತಿದ್ದಿ ತಿದ್ದಿ ಅದರ ಮೇಲೆ ಸರಿಯಾಗಿ ಕೂರೋ ಹಾಗೆ ಮಾಡ್ಬಿಟ್ಟೆ."

ಆರುತ್ತಿದ್ದ ಕಾಫಿ ಲೋಟವನ್ನು ಅವನ ಹತ್ತಿರ ಸರಿಸಿದೆ.

"ನೀನು ಇಲ್ಲೇ ಬೆಳೆದವಳು. ನಿನಗೆ ಗೊತ್ತಲ್ಲ ನಿಮ್ಮತ್ತೆ ನಗೋದು" ಎಂದು ಮಾಮ ನನ್ನ ಕಡೆ ತಿರುಗಿದ. "ಒಂದು ಸಲ ನಕ್ಕು ತೋರ್ಸು. ಸಾಕು ನನಗೆ."

ನನಗೆ ಗೊತ್ತಿತ್ತು. ಎಷ್ಟು ಸಲ ಕೇಳಿಲ್ಲ ನಾನು ಆ ಮನೆಯಲ್ಲಿ ಅದನ್ನು? ಮೊದಲು ಮೂಗಿನಲ್ಲಿ ತಡೆಯುವುದು, ಆಮೇಲೆ ಸೋಲುವುದು, ಕೊನೆಯಲ್ಲಿ ಉಸಿರು ಒಳಗೆಳೆದುಕೊಳ್ಳುವುದು. ಕಣ್ಣು ಮುಚ್ಚಿ ಅತ್ತೆಯನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿಕೊಂಡೆ. ಸೌಟು ಹಿಡಿದು ನಿಂತಿದ್ದಳು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಎಲ್ಲವೂ ಸರಿಯಾಗಿತ್ತು. ಅವಳು ಬಾಯಿ ತೆರೆದಳು. ನಾನೂ ಬಾಯಿ ತೆರೆದು ನಕ್ಕೆ.

ಬಂದದ್ದು ಆ ಹುಡುಗಿಯ ನಗು.

"ಇರ್ಲಿ ಬಿಡು" ಅಂದ ಮಾಮ. ಸ್ಕಾರ್ಫನ್ನು ಪೆಟ್ಟಿಗೆಯೊಳಗೆ ಇಟ್ಟ, ಹಲಗೆ ಎತ್ತಿ ಹಿಡಿದುಕೊಳ್ಳಲು ನನಗೆ ಹೇಳಿದ, ಬಟ್ಟಲಿನಿಂದ ಸ್ಕ್ರೂ ಆರಿಸಿಕೊಂಡು ಒಂದೊಂದಾಗಿ ಬಿಗಿಯತೊಡಗಿದ.